ಶುಕ್ರವಾರದವಳು

ಲುಬ್ಲಿನ್ನಿನ ಈ ಅಂಗಡಿಯಲ್ಲಿ ಬಟ್ಟೆಗೆ ಕಿಲೋ ಲೆಕ್ಕ.
ಸೋಮವಾರ ನಲವತ್ತು ಜ್ಲೋಟಿ,
ದಿನಾ ಇಳಿದಿಳಿದು ಶುಕ್ರವಾರ ಎಂಟು.
ಬೊಗುಮಿಲಾ ಶುಕ್ರವಾರದವಳು.

ಅವಳೂ ಇಳಿಯುತ್ತಿದ್ದಾಳೆ,
ಡಾಕ್ಟರು ಸಕ್ಕರೆಯ ಮಾತೆತ್ತಿದಂದಿನಿಂದ:
ಬೇಸಿಗೆಗೆ ಒಂಬತ್ತು, ಆಮೇಲೆ ನಾಲ್ಕು.
ಹೊಸದು ಕೊಂಡರೆ ಯಾರಿಗೆ ಕೊಂಡಂತೆ?
ಸೆಪ್ಟೆಂಬರಿನವಳ ಲಂಗ
ಅಕ್ಟೋಬರಿನವಳ ಸೊಂಟದಲ್ಲಿ ನಿಲ್ಲದು.

ತಕ್ಕಡಿಯಲ್ಲಿ ಎರಡು ಅಂಗಿ, ಒಂದು ಪ್ಯಾಂಟು.
ಒಂಬೈನೂರು ಗ್ರಾಂ.
"ಇಷ್ಟೇನಾ?"
ಸದ್ಯಕ್ಕೆ ಇಷ್ಟೇ.

ಚಿಲ್ಲರೆ ಎಣಿಸುವಾಗ ಕಂಡಿತು
ತಾನೇ ಕೊಟ್ಟುಬಿಟ್ಟಿದ್ದ ಕಂದು ಕೋಟು,
ಯಾವಳೋ ಹುಡುಗಿಯ ಮೈಮೇಲೆ.
ಜಿಪ್ಪು ಕಚ್ಚಿಕೊಂಡು ಒದ್ದಾಡುತ್ತಿದ್ದಾಳೆ.

"ಸ್ವಲ್ಪ ಎಡಕ್ಕೆ ಓರೆ ಮಾಡಿ ಎಳಿ."
"ಅರೆ, ಬಂತು! ನಿಮಗೆ ಹೇಗೆ ಗೊತ್ತು?"

ಬೊಗುಮಿಲಾ ಚೀಲ ಎತ್ತಿಕೊಂಡಳು.
ಹದಿಮೂರು ಕಿಲೋ ಅಲ್ಲೇ ನಿಂತು
ಕನ್ನಡಿಯಲ್ಲಿ ಹಿಂದೆ ಮುಂದೆ
ತಿರುಗಿ ನೋಡಿಕೊಳ್ಳುತ್ತಿತ್ತು.