ಕುರ್ಚಿಯ ಮೇಲೆ ಕಡಲು

ನಗಬೇಡಿ.
ಕೊಡೇರಿಯ ಮೊಗವೀರರ ಹುಡುಗ ನಾನು,
ಹಾಲುಹಲ್ಲು ಬೀಳುವ ಮುಂಚೆ ದೋಣಿ ಹತ್ತಿದವನು,
ಕಡಲ ಮೇಲೆ ಒಮ್ಮೆಯೂ ಕಾರಿಕೊಂಡವನಲ್ಲ.
ಈಗ ಸೊಹಾರಿನ ಬಂದರಿನಲ್ಲಿ
ನೆಲಕ್ಕೆ ಬೋಲ್ಟು ಬಿಗಿದ ಕುರ್ಚಿಯಲ್ಲಿ ಕೂತು
ಕಸದ ಬುಟ್ಟಿಯನ್ನು ಮೊಣಕಾಲುಗಳ ನಡುವೆ ಹಿಡಿದಿದ್ದೇನೆ.

ಮೊದಲು ಹೀಗಿರಲಿಲ್ಲ.
ಹನ್ನೊಂದು ವರ್ಷ ಕ್ರೇನಿನ ನೆತ್ತಿಯಲ್ಲಿದ್ದೆ,
ಕಾಲಡಿ ಗಾಜು, ಗಾಜಿನಡಿ ನಲವತ್ತು ಮೀಟರು ಬಿಸಿಗಾಳಿ.
ಗೂಡು ಓಡಿದರೆ ನಾನೂ ಓಡುತ್ತಿದ್ದೆ,
ಗೂಡು ತೂಗಿದರೆ ಸೊಂಟ ತಾನೇ ತೂಗುತ್ತಿತ್ತು,
ಪೆಟ್ಟಿಗೆ ಹಡಗಿಗೆ ತಾಗಿದ್ದು
ಕಿವಿಗಿಂತ ಮೊದಲು ಹಿಮ್ಮಡಿಗೆ ಗೊತ್ತಾಗುತ್ತಿತ್ತು.

ಆಮೇಲೆ ನಮ್ಮನ್ನೆಲ್ಲ ಕೆಳಗಿಳಿಸಿದರು.
ತಣ್ಣನೆ ಕೋಣೆ, ತಲೆಗೆ ನಾಲ್ಕು ಪರದೆ, ಕೈಗೊಂದು ಹಿಡಿಕೆ.
ಕ್ಯಾಮೆರಾ ಅಲ್ಲಿ ಓಡುತ್ತದೆ, ನಾನು ಇಲ್ಲಿ ಕೂತಿರುತ್ತೇನೆ.
"ಬಿಸಿಲಿಲ್ಲ, ಏಣಿಯಿಲ್ಲ, ಇನ್ನು ಸುಖ" ಎಂದ ಖಲ್ಫಾನ್.
ನಾನೂ ಹೌದೆಂದೆ. ಮೂರು ದಿನ ಹೌದೇ ಆಗಿತ್ತು.

ನಾಲ್ಕನೆಯ ದಿನ ಎಡಗಣ್ಣಿನ ಮೂಲೆಯಲ್ಲಿ
ಒಂದು ಬೈಗೆ ಮೀನು ಹೊರಳಿತು.
ಬೆಳ್ಳಿ ಹೊಟ್ಟೆ, ಗರಗಸದ ಬೆನ್ನು, ಮಿಣಮಿಣ.
ಬೆಳೆದು ಬೆಳೆದು ಪರದೆಯ ಅಂಕಿಗಳನ್ನು ನುಂಗಿತು,
ಇಪ್ಪತ್ತು ನಿಮಿಷಕ್ಕೆ ಈಜಿ ಹೋಯಿತು.
ಅದು ಹೋದ ದಾರಿಯಲ್ಲೇ ನೋವು ಬಂತು,
ಹುಬ್ಬಿನ ಹಿಂದೆ ಯಾರೋ ಕೂತು
ಒಂದೇ ಮೊಳೆಯನ್ನು, ಅವಸರವಿಲ್ಲದೆ, ಬಡಿದ ಹಾಗೆ.

ಡಾಕ್ಟರ್ ನಾದಿಯಾ ಹೇಳಿದ್ದು ಇಷ್ಟು:
ಕಣ್ಣು ಹೇಳುತ್ತದೆ, ಹೊರಟಾಯಿತು.
ಕಿವಿಯೊಳಗಿನ ನೀರು ಕೇಳುತ್ತದೆ, ಎಲ್ಲಿಗೆ?
ಇಬ್ಬರ ಜಗಳದಲ್ಲಿ ಹೊಟ್ಟೆಯೆಂಬ ಕೂಸು ಬಡವಾಯಿತು.
ಮಾತ್ರೆ ಕೊಟ್ಟರು. ಮಾತ್ರೆಗೆ ನಿದ್ದೆ ಬರುತ್ತದೆ,
ಮೂವತ್ತು ಟನ್ನು ಎತ್ತುವವನಿಗೆ ನಿದ್ದೆ ಬರುವಂತಿಲ್ಲ.

ಬೆಳಕನ್ನು ಅರ್ಧಕ್ಕೆ ಇಳಿಸಿದೆ. ಪಕ್ಕದ ಪರದೆಗೆ ರಟ್ಟು ಅಡ್ಡವಿಟ್ಟೆ.
ಗಂಟೆಗೊಮ್ಮೆ ಎದ್ದು ಗೋಡೆ ಮುಟ್ಟಿ ಬಂದೆ,
ಗೋಡೆ ಇನ್ನೂ ಗೋಡೆಯೇ ಎಂಬ ಖಾತ್ರಿಗೆ.
ಖಲ್ಫಾನ್ ಜೇಬಿನಿಂದ ಒಣಗಿದ ಕರಿ ನಿಂಬೆ ತೆಗೆದು
ಮೂಸು ಎಂದ,
ಅವನಜ್ಜಿ ಬಸುರಿಯರಿಗೆ ಕೊಡುತ್ತಿದ್ದಳಂತೆ.
ಮೂಸಿದೆ. ಬಸುರಿಯ ಹಾಗೇ ಇದ್ದೆನಲ್ಲ, ಬೇಜಾರಾಗಲಿಲ್ಲ.
ಮೇಲಿನವರಿಗೆ ನಾನೂ ಹೇಳಲಿಲ್ಲ, ಅವನೂ ಹೇಳಲಿಲ್ಲ.
ಹೇಳಿದರೆ ಫಿಟ್‌ನೆಸ್ ಕಾಗದ, ಕಾಗದದ ಬೆನ್ನಿಗೆ ವಿಮಾನದ ಟಿಕೇಟು.

ಒಂದು ರಾತ್ರಿ ಪಾಳಿಯಲ್ಲಿ ಕುಷ್ಟ ಮಾವನ ದನಿ ಕೇಳಿತು:
"ಹೊಟ್ಟಿ ತೊಳ್ಸ್ರೆ ದೋಣಿ ಕಾಂಬುಕಾಗ, ಗೆರಿ ಕಾಣ್."
ನೀರು ಮುಗಿದು ಬಾನು ಶುರುವಾಗುವ ಗೆರೆ.
ಪರದೆಯಲ್ಲಿ ಎಲ್ಲಿದೆ ಗೆರೆ?
ಪೆಟ್ಟಿಗೆ, ಪೆಟ್ಟಿಗೆ, ಪೆಟ್ಟಿಗೆಯ ನೆತ್ತಿ.
ಅಂಗಿಯ ಗುಂಡಿಗೆಂದು ಇಟ್ಟುಕೊಂಡಿದ್ದ ಕಪ್ಪು ನೂಲನ್ನು
ಈ ಅಂಚಿನಿಂದ ಆ ಅಂಚಿಗೆ ಎಳೆದು ಟೇಪು ಹಚ್ಚಿದೆ.
ಲೋಕ ಅದರ ಹಿಂದೆ ಎಷ್ಟಾದರೂ ಓಡಲಿ,
ನೂಲು ಓಡುವುದಿಲ್ಲ.

ಗುಣವಾಯಿತೆಂದು ಹೇಳಲಾರೆ.
ಬುಟ್ಟಿ ಮೊಣಕಾಲ ನಡುವಿನಿಂದ ಮೇಜಿನ ಕೆಳಗೆ ಹೋಗಿದೆ, ಅಷ್ಟೇ.

ಶುಕ್ರವಾರ ಸಂಜೆ ಧನ್ವಿ ವಿಡಿಯೋ ಕಾಲ್ ಮಾಡುತ್ತಾಳೆ.
ಫೋನು ಹಿಡಿದುಕೊಂಡೇ ಓಡುತ್ತಾಳೆ:
ಅಪ್ಪಾ ಕೋಳಿಮರಿ, ಅಪ್ಪಾ ನನ್ನ ಸೈಕಲ್ಲು, ಅಪ್ಪಾ ಕಡಲು!
ಅಂಗಳ ಮಗುಚುತ್ತದೆ, ತೆಂಗು ತಲೆಕೆಳಗಾಗುತ್ತದೆ.
ನಾನು ಫೋನನ್ನು ಅಂಗೈಯಲ್ಲಿ ಬೋರಲು ಹಾಕಿ
ಕ್ಯಾಂಪಿನ ಗೋಡೆಯಾಚೆ
ತೆಳ್ಳಗೆ ಕಾಣುವ ನಿಜದ ಗೆರೆಯನ್ನೇ ನೋಡುತ್ತಿರುತ್ತೇನೆ.
ಅಂಗೈಯೊಳಗೆ ಅವಳ ಏದುಸಿರು,
ಚಪ್ಪಲಿಯ ಪಟಪಟ,
ಮರಳು ಸಿಕ್ಕಿದ ಕೂಡಲೇ ಅದೂ ಇಲ್ಲ.

"ಕಂಡ್ತಾ ಅಪ್ಪ?"
"ಕಂಡ್ತ್ ಮಗ.
ಇನ್ನ್ ಚೂರ್ ಹತ್ರ ಹಿಡಿ."