ಮೂಲ: ಮೌಖಿಕ

ಜಗಳೂರಿನಲ್ಲಿ ಆರು ಮಿಷಿನ್ನಿನ ಡಯಾಲಿಸಿಸ್ ಘಟಕ ಹಾಕಿದರೆ
ಗಿಟ್ಟುತ್ತದೋ ಇಲ್ಲವೋ,
ಇಷ್ಟೇ ಪ್ರಶ್ನೆ.
ನನಗೆ ಕೊಟ್ಟದ್ದು ಮೂರು ವಾರ, ಹಳೆಯ ಲ್ಯಾಪ್‌ಟಾಪು,
ಪೆಟ್ರೋಲಿಗೆ ದಿನಕ್ಕೆ ಇನ್ನೂರು.

ಮೊದಲ ವಾರ ಬರೀ ಕಾಗದ.
ಜನಗಣತಿ, ಸಕ್ಕರೆ ಕಾಯಿಲೆಯ ಶೇಕಡಾವಾರು,
ವಿಮೆಯ ಕ್ಲೇಮು, ಯಾರೋ ಬರೆದ
ವರದಿಯ ನಕಲಿನ ನಕಲು.
ಪ್ರತಿ ಅಂಕಿಯ ಅಡಿಗೂ 'ಮೂಲ' ಅಂತ ಒಂದು ಸಾಲು,
ಆ ಮೂಲ ಹಿಡಿದು ಹೋದರೆ ಇನ್ನೊಂದು ಮೂಲ,
ಅದರ ತಳದಲ್ಲಿ ಸಿಕ್ಕಿದ್ದು 'ಅಂದಾಜು'.
ನಮ್ಮೂರ ಭಟ್ಟಿಯಿಂದ ಆಗಷ್ಟೇ ಇಳಿದ ಮಂಡಕ್ಕಿ:
ಅಳೆದರೆ ಚೀಲ ತುಂಬುತ್ತದೆ,
ತೂಗಿದರೆ ತಕ್ಕಡಿ ಮಿಸುಕುವುದಿಲ್ಲ.

ಎರಡನೇ ವಾರ ನಮ್ಮದೇ ಆಸ್ಪತ್ರೆಯ ನೆಲಮಾಳಿಗೆ.
ಸಿಸ್ಟರ್ ಪುಷ್ಪಾವತಿ ಧೂಳು ಕೊಡವಿ ಕೊಟ್ಟ ರಿಜಿಸ್ಟರಿನಲ್ಲಿ
ಜಗಳೂರು ಕಡೆಯವರು
ಯುಗಾದಿಗೆ ನಲವತ್ತೊಂದು,
ನಾಗರಪಂಚಮಿಗೆ ಮೂವತ್ತು,
ದಸರೆಗೆ ಹತ್ತೊಂಬತ್ತು.
'ಬೇಡಿಕೆ ಕುಸಿಯುತ್ತಿದೆ' ಎಂದು ಬರೆದೆ.
ಗೆರೆಗೆ ಕೆಂಪು ಬಣ್ಣ ಕೊಟ್ಟೆ.
ನೋಡಲು ಚೆನ್ನಾಗಿಯೇ ಇತ್ತು.

ಆ ಸಂಜೆ ರೈಲ್ವೆ ಗೇಟು ಬಿದ್ದಿತ್ತು.
ಮುಗಿಯದ ಗೂಡ್ಸು ಗಾಡಿ.
ಪಕ್ಕದ ಬಸ್ಸಿನ ಬಾಗಿಲಲ್ಲಿ ಜೋತು ನಿಂತಿದ್ದ ಕಂಡಕ್ಟರು
ನನ್ನ ಕೊರಳ ಬಿಲ್ಲೆ ಓದಿ,
"ನಿಮ್ಮ ಪೇಷಂಟುಗಳು ಕಮ್ಮಿ ಆಗ್ಯಾರಲ್ರೀ ಮೇಡಂ" ಎಂದ.
ಯಾಕೆ ಅಂದೆ.
"ಎಂಟೂಹತ್ತರ ಲಾಸ್ಟ್ ಬಸ್ಸು ಏಳಕ್ಕೆ ತಂದ್ರು ನೋಡ್ರಿ.
ನಿಮ್ಮ ಮಿಷಿನ್ನು ಬಿಡೋದು ಏಳೂವರೆಗೆ.
ಬಿದರಕೆರೆ ಅಜ್ಜಿ ಎರಡು ಸಲ ಸ್ಟ್ಯಾಂಡಿನಾಗೆ ಮಲಗಿದ್ಲು.
ಮೂರನೇ ಸಲ ಬರಲಿಲ್ಲ."
ಹೆಸರು ಕೇಳಿದೆ. ತಿಪ್ಪೇಶಿ.
ಗೇಟು ಎದ್ದಿತು. ನನ್ನ ಹಿಂದೆ ಹಾರ್ನಿನ ಮೇಲೆ ಹಾರ್ನು.

ಮೂರನೇ ವಾರ ಫೋನು ಹಚ್ಚಿದೆ,
ಬಾರದ ಇಪ್ಪತ್ತೆರಡು ಮಂದಿಗೂ.
ಒಂಬತ್ತು ಜನ ಚಿತ್ರದುರ್ಗಕ್ಕೆ ಹೋಗುತ್ತಿದ್ದರು, ಟ್ರ್ಯಾಕ್ಸಿನಲ್ಲಿ.
ಆರು ಜನ ವಾರಕ್ಕೆ ಎರಡಿದ್ದದ್ದನ್ನು ಒಂದು ಮಾಡಿಕೊಂಡಿದ್ದರು;
ಅಜ್ಜಿಯೂ ಅವರಲ್ಲೊಬ್ಬಳು, "ನೀರು ಕಮ್ಮಿ ಕುಡಿತೀನಿ ಬಿಡವ್ವ" ಅಂದಳು.
ನಾಲ್ವರು ನಾಟಿ ಔಷಧಿ.
ಎರಡು ನಂಬರು ಸ್ವಿಚ್ ಆಫ್.
ಕೊನೆಯದನ್ನು ಎತ್ತಿದ್ದು ಒಬ್ಬ ಹುಡುಗ:
"ಅಪ್ಪ ಇಲ್ಲ."
ಯಾವಾಗ ಬರ್ತಾರೆ ಅಂತ ಕೇಳಿದೆ ನಾನು.
ಕೇಳಿದ ಮೇಲೆ ತಿಳಿಯಿತು.
ಹುಡುಗ ಫೋನು ಇಡಲಿಲ್ಲ, ನಾನೂ ಇಡಲಿಲ್ಲ,
ಹಿತ್ತಲಲ್ಲಿ ಯಾರೋ ಕೊಡ ಇಟ್ಟ ಸದ್ದು ಕೇಳುತ್ತಿತ್ತು.

ಮೀಟಿಂಗಿನಲ್ಲಿ ಕೆಂಪು ಗೆರೆ ಅಳಿಸಿ ಹೊಸ ಪುಟ ತೋರಿಸಿದೆ.
ಕುಸಿದದ್ದು ಬೇಡಿಕೆಯಲ್ಲ, ಬಸ್ಸು.
ಫೈನಾನ್ಸಿನ ಚಂದ್ರಹಾಸ ಕನ್ನಡಕ ಹಣೆಗೇರಿಸಿ
'ಮೂಲ: ತಿಪ್ಪೇಶಿ, ಕಂಡಕ್ಟರ್, ಮೌಖಿಕ' ಎಂದಿದ್ದ ಕಡೆ ಬೆರಳಿಟ್ಟು
ನಕ್ಕರು. ಕೆಟ್ಟ ನಗುವೇನಲ್ಲ.
ಸ್ವಲ್ಪ ಹೊತ್ತು ಲೆಕ್ಕ ಹಾಕಿ,
"ಪಾಳಿಯನ್ನೇ ಒಂದು ಗಂಟೆ ಹಿಂದಕ್ಕೆ ತಂದರೆ ಸಾಕಲ್ಲ?
ಖರ್ಚು ಸೊನ್ನೆ."
ಸರಿಯಾದ ಮಾತು.
ಜಗಳೂರಿನ ಘಟಕ ಅಲ್ಲಿಗೆ ಬಿತ್ತು.
ನನ್ನದೇ ಅಂಕಿ ಅದನ್ನು ಬೀಳಿಸಿತು.

ಈಗ ರಿಜಿಸ್ಟರಿನಲ್ಲಿ ಮೂವತ್ತಮೂರು.
ಅಜ್ಜಿ ಏಳರ ಬಸ್ಸಿಗೆ ಹತ್ತು ನಿಮಿಷ ಮೊದಲೇ ಹೊರಡುತ್ತಾಳೆ,
ಸೀಟಿಗೆ ಟವೆಲ್ಲು ಹಾಕಲು ಮೊಮ್ಮಗ ಮುಂದೆ ಓಡುತ್ತಾನೆ.
ಹೇಳಿ ಬರೋಣವೆಂದು ಸ್ಟ್ಯಾಂಡಿಗೆ ಹೋದೆ.
ತಿಪ್ಪೇಶಿ ಆ ರೂಟಿನಲ್ಲಿಲ್ಲ.
ಹರಪನಹಳ್ಳಿಗೆ ಹಾಕಿದ್ದಾರಂತೆ, ಹದಿನೈದು ದಿನವಾಯಿತಂತೆ.
ಯಾರಾದರೂ ನನ್ನ ಮೂಲ ಪರಿಶೀಲಿಸಲು ಹೊರಟರೆ
ಸಿಗುವುದು ಖಾಲಿ ಜಾಗ.

ಆದರೆ ಹದಿನೈದು ದಿನವೆಂದರೆ ಕಮ್ಮಿಯಲ್ಲ.
ಆ ಕಡೆಯಿಂದ ಬರುವವರನ್ನು
ಇಷ್ಟೊತ್ತಿಗೆ ಎಣಿಸಲು ಶುರು ಮಾಡಿರುತ್ತಾನೆ,
ಟಿಕೆಟ್ಟು ಹರಿಯುತ್ತ,
ಯಾರೂ ಕೇಳದಿದ್ದರೂ.