ಹದಿಮೂರನೆಯವಳು

ಇಪ್ಸ್‌ವಿಚ್ಚಿನ ಗೋಪುರದಲ್ಲಿ ಹನ್ನೆರಡು ಗಂಟೆ,
ಹನ್ನೆರಡು ಹಗ್ಗ, ಸೋಮವಾರ ಸಂಜೆ ಹನ್ನೆರಡು ಜನ.
ಗೋಡೆಗೊತ್ತಿದ ಬೆಂಚಿನ ಮೇಲೆ ನಾನು:
ಫೀಲಿಕ್ಸ್‌ಸ್ಟೋ ಬಂದರಿನಲ್ಲಿ ಕಂಟೇನರು ಎಣಿಸುವವಳು,
ಕಲಿಯಲು ಬಂದು ಒಂಬತ್ತು ವಾರ,
ಇನ್ನೂ ಹಗ್ಗ ಸಿಗದವಳು.

"ಸಣ್ಣದು ಹೊರಟಿತು," ಎನ್ನುತ್ತಾಳೆ ಮಾರ್ಜರಿ ಥರ್ಲೋ,
"ಹೋಯಿತು."
ಆಮೇಲೆ ರಾಗವಿಲ್ಲ, ಹಾಡಿಲ್ಲ, ಬರೀ ಸರದಿ.
ಒಂದು ಎರಡರ ಜಾಗಕ್ಕೆ, ಐದು ಆರರ ಹಿಂದಕ್ಕೆ,
ರೇಷನ್ ಅಂಗಡಿಯ ಸಾಲಲ್ಲಿ ಚೀಲ ಅದಲುಬದಲಾದ ಹಾಗೆ.
ಆದ ಸರದಿ ಮತ್ತೆ ಆಗಬಾರದು. ಅದೊಂದೇ ನೇಮ.

ಎಷ್ಟು ಸರದಿ ಸಾಧ್ಯ, ಕೇಳಿದೆ.
ಮಿಲಿಯನ್ನಿನಲ್ಲಿ ಹೇಳಿದಳು; ನಾಲಗೆಗೆ ಒಗ್ಗಲಿಲ್ಲ.
ಸರಕು ಪಟ್ಟಿಯ ಹಿಂಬದಿಯಲ್ಲಿ
ಅವಳ ಅಲ್ಪವಿರಾಮ ಕಿತ್ತು ನಮ್ಮ ಜಾಗದಲ್ಲಿ ನೆಟ್ಟೆ:
ನಲವತ್ತೇಳು ಕೋಟಿ
ತೊಂಬತ್ತು ಲಕ್ಷದ
ಒಂದು ಸಾವಿರದ ಆರುನೂರು.
ಅನ್ನ ನಿದ್ದೆ ಬಿಟ್ಟು ಬಾರಿಸಿದರೂ ಮೂವತ್ತೆಂಟು ವರ್ಷ.

ಧಾರಾಳಿ ಸಂಖ್ಯೆ. ಎರಡು ಕೇಳಿದರೂ ಕೊಡುತ್ತದೆ, ಏಳು ಕೇಳಿದರೂ,
ಹನ್ನೊಂದಕ್ಕೂ ಒಲ್ಲೆ ಎನ್ನದೆ ಸಮಪಾಲು.
ಹದಿಮೂರು ಬಂದರೆ ಮಾತ್ರ ಹೊಸಿಲಲ್ಲೇ ನಿಲ್ಲಿಸುತ್ತದೆ:
ಶೇಷ ಹನ್ನೆರಡು.
ಗಂಟೆಗೊಂದರಂತೆ, ಸರಿಯಾಗಿ ಹನ್ನೆರಡು.

ಹಿಂದೆ ಹರಪನಹಳ್ಳಿಯ ಶಾಲೆಯಲ್ಲಿ
ಹದಿಮೂರೇಳ್ಲ ತೊಂಬತ್ತೊಂದು ಬಾಯಿಗೆ ಬಾರದೆ
ಬೆಂಚು ಹತ್ತಿ ನಿಂತವಳು ನಾನು.
ಈಗ ಬೆಂಚಿನಲ್ಲೇ ಕೂತು, ಪೆನ್ಸಿಲು ಕಚ್ಚಿ, ಒಂದು ಕೂಡಿಸಿದೆ.
ಎಲ್ಲ ಸರದಿ ಮುಗಿದ ಮೇಲಿನ ಒಂದು,
ಯಾರೂ ಬಾರಿಸದ್ದು.
ಭಾಗಿಸಿದೆ: ನಿಶ್ಶೇಷ.
ಬಂದ ಪಾಲನ್ನು ಮತ್ತೆ ಹದಿಮೂರಕ್ಕೇ ಹಂಚಿದೆ,
ಕೈ ನಡುಗಿತೋ, ಗಂಟೆಯ ಭಾರಕ್ಕೆ ಗೋಪುರವೇ ತೂಗಿತೋ,
ಮತ್ತೆ ನಿಶ್ಶೇಷ.
ಇಪ್ಪತ್ತೆಂಟು ಲಕ್ಷದ ಮೂವತ್ತನಾಲ್ಕು ಸಾವಿರದ
ಮುನ್ನೂರ ಇಪ್ಪತ್ತೊಂಬತ್ತು.
ಅದು ಅವಿಭಾಜ್ಯವೆಂದು ತಿಳಿದದ್ದು ಆಮೇಲೆ, ಮನೆಯಲ್ಲಿ,
ಹಾಲು ಉಕ್ಕಿ ಒಲೆ ಆರಿದಾಗ.

ಒಮ್ಮೆ ಒಡೆಯುವುದು ನಿಯಮ.
ಯಾವ ಅವಿಭಾಜ್ಯವನ್ನೇ ಹಿಡಿ, ಅದರ ಹಿಂದಿನವರೆಲ್ಲ
ಗುಣಿಸಿಕೊಂಡು ನಿಂತಾಗ, ಒಂದು ಸೇರಿದರೆ ಸಾಕು.
ಎರಡು ಸಲ ಒಡೆಯುವುದು ಅಪರೂಪ.
ಐದಕ್ಕೆ ಆ ಭಾಗ್ಯ: ನಾಲ್ಕು ಗಂಟೆಯ ಹಳ್ಳಿಗೋಪುರ,
ಇಪ್ಪತ್ತನಾಲ್ಕು ಸರದಿ, ಒಂದು ಮೌನ,
ಐದೈದ್ಲ ಇಪ್ಪತ್ತೈದು.
ಹದಿಮೂರಕ್ಕೆ. ಆಮೇಲೆ ಐನೂರ ಅರವತ್ತಮೂರಕ್ಕೆ;
ಐನೂರ ಅರವತ್ತೆರಡು ಹಗ್ಗ ಇಳಿಬಿಡುವ ಗೋಪುರವನ್ನು
ಯಾವ ದೇವರೂ ಕೇಳಿಲ್ಲ.
ನಾಲ್ಕನೆಯದನ್ನು ಈವರೆಗೆ ಕಂಡವರಿಲ್ಲ.

ಗಂಟೆಗಳು ನಿಂತವು. ದೊಡ್ಡದರ ಗುಂಯ್ ಕಲ್ಲಿಗಿಳಿಯಿತು.
ಹಾಳೆ ತೋರಿಸಿದೆ. ಥರ್ಲೋ ಕನ್ನಡಕ ಹಣೆಗೇರಿಸಿ,
"ಅಲ್ಪವಿರಾಮ ತಪ್ಪು ಜಾಗದಲ್ಲಿದೆ," ಎಂದಳು.
ಇನ್ನೇನೂ ಹೇಳದೆ
ಆರನೆಯ ಹಗ್ಗದ ಉಣ್ಣೆಹಿಡಿಯನ್ನು ನನ್ನತ್ತ ಚಾಚಿದಳು.
ಬೆಚ್ಚಗಿತ್ತು. ಯಾರದೋ ಬೆವರು.